ಓಪನ್ ಡಿ ಶ್ರುತಿಯ ಸ್ಲೈಡ್ ಗಿಟಾರ್: ಕರಕರ ಸದ್ದು ನಿಂತ ಬಗೆ

ಓಪನ್ ಡಿ ಶ್ರುತಿಗೆ, ಅಂದರೆ ದಪ್ಪ ತಂತಿಯಿಂದ ಕ್ರಮವಾಗಿ ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ ಎಂದು ಹೊಂದಿಸುವಾಗ ನಾಲ್ಕು ತಂತಿಗಳು ಸಡಿಲವಾಗುವುದರಿಂದ, ಗಾಜಿನ ಸ್ಲೈಡ್ (ಬೆರಳಿಗೆ ಹಾಕಿ ತಂತಿಗಳ ಮೇಲೆ ಜಾರಿಸುವ ಕೊಳವೆ) ಗಿಟಾರಿನ ಕತ್ತಿನ ಮೇಲಿನ ಅಡ್ಡ ಲೋಹದ ಗೆರೆಗಳಾದ ಫ್ರೆಟ್‌ಗಳಿಗೆ ತಗುಲಿ ಕರಕರ ಸದ್ದು ಬರುತ್ತಿತ್ತು. 0.013 ಇಂಚಿನಿಂದ ಆರಂಭವಾಗುವ ದಪ್ಪ ತಂತಿಗಳ ಸೆಟ್ ಹಾಕಿ, ತಂತಿಗಳನ್ನು ಎತ್ತರಿಸುವ ಲೋಹದ ಪಟ್ಟಿಯನ್ನು, ಕತ್ತಿನ ತುದಿಯಲ್ಲಿ ತಂತಿಗಳಿಗೆ ಆಸರೆಯಾಗಿರುವ ನಟ್‌ನ ಮೇಲೆ ಕೂರಿಸಿದ ನಂತರ ಅದು ನಿಂತಿತು. ಬೆರಳಿನಿಂದ ಒತ್ತಿ ನುಡಿಸುವುದು ಈಗ ಕಷ್ಟ. ಈ ಗಿಟಾರನ್ನು ಸ್ಲೈಡಿಗೇ ಮೀಸಲಿಟ್ಟಿದ್ದೇನೆ.

ಕಿರುಬೆರಳಿಗೆ ಹಾಕಿದ ಸ್ಲೈಡನ್ನು ಫ್ರೆಟ್‌ನ ನೇರ ಮೇಲೆಯೇ ನಿಲ್ಲಿಸಿದಾಗ ಸ್ವರ ಶುದ್ಧವಾಯಿತು; ಅದರ ಹಿಂದಿನ ಬೆರಳುಗಳನ್ನು ತಂತಿಗಳಿಗೆ ಹಗುರವಾಗಿ ತಾಗಿಸಿದಾಗ ಬೇಡದ ನಾದವೂ ಅಡಗಿತು.

ಮಡಿಕೇರಿಯ ಮಳೆಗಾಲದ ತೇವಕ್ಕೆ ಮರ ಉಬ್ಬಿ ಶ್ರುತಿ ಕದಲುವುದು ಬೇರೆಯೇ ತೊಂದರೆ. ಜೂನ್‌ನಿಂದ ಗಿಟಾರನ್ನು ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಪೆಟ್ಟಿಗೆಯಲ್ಲಿಡುತ್ತೇನೆ, ಆದರೂ ನುಡಿಸುವ ಮುನ್ನ ಟ್ಯೂನರ್ ಬೇಕೇ ಬೇಕು.