ಖಾರದ ಹಂದಿ ಮಾಂಸ, ಬಿಸಿ ಅನ್ನ: ಕೊರಿಯಾದ ಜೇಯುಕ್ ದೊಪ್‌ಬಾಪ್ ಮಾಡುವ ಬಗೆ

ಸೋಲ್ ನಗರದಲ್ಲಿ ಗಿಂಬಾಪ್ (ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನ) ಮಾರುವ ಅಂಗಡಿಗಳಲ್ಲಿ, ಟ್ಯಾಕ್ಸಿ ಚಾಲಕರು ಊಟಕ್ಕೆ ನಿಲ್ಲುವ ‘ಗಿಸಾ ಸಿಕ್‌ದಾಂಗ್’ಗಳಲ್ಲಿ, ಕಚೇರಿಯ ಕ್ಯಾಂಟೀನುಗಳಲ್ಲಿ ಮಧ್ಯಾಹ್ನ ಬಹಳ ಮಂದಿ ಕೇಳಿ ಪಡೆಯುವ ಊಟ ಜೇಯುಕ್ ದೊಪ್‌ಬಾಪ್. ತೆಳುವಾಗಿ ಕೊಯ್ದ ಹಂದಿ ಮಾಂಸವನ್ನು ಗೊಚುಜಾಂಗ್ ಎಂಬ ಹುದುಗಿಸಿದ ಮೆಣಸಿನಕಾಯಿ ಪೇಸ್ಟಿನೊಂದಿಗೆ ಹುರಿದು ಬಿಸಿ ಅನ್ನದ ಮೇಲೆ ಹಾಕಿ ಕೊಡುತ್ತಾರೆ. ಹಬ್ಬದ ಅಡುಗೆಯಲ್ಲ, ದಿನದ ಅಡುಗೆ. ಅನ್ನದ ತಟ್ಟೆಯಲ್ಲಿ ಖಾರ ಬೇಕೆನ್ನುವ ನಮ್ಮವರಿಗೆ ಒಂದೇ ತುತ್ತಿಗೆ ಹಿಡಿಸುವ ರುಚಿ ಇದು.

ಆದರೆ ಮನೆಯಲ್ಲಿ ಮಾಡಿದಾಗ ಹುರಿದ ಮಾಂಸ ಸಿಗುವ ಬದಲು ಕೆಂಪು ಗೊಜ್ಜು ಸಿಗುವುದೇ ಹೆಚ್ಚು. ಮಾಂಸಕ್ಕೆ ಮಸಾಲೆಯನ್ನೆಲ್ಲ ಕಲಸಿ ಒಟ್ಟಿಗೇ ಬಾಣಲೆಗೆ ಸುರಿಯುವುದು ಇದಕ್ಕೆ ಕಾರಣ. ಸೋಯಾ ಸಾಸಿನ ಉಪ್ಪಿಗೆ ಮಾಂಸ ನೀರು ಬಿಡುತ್ತದೆ, ಈರುಳ್ಳಿಯೂ ನೀರು ಬಿಡುತ್ತದೆ, ಮನೆಯ ಒಲೆಯ ಉರಿ ಅಷ್ಟು ನೀರನ್ನು ಆರಿಸಲಾರದು. ಆ ಹೊತ್ತಿಗೆ ಗೊಚುಜಾಂಗ್ ತಳ ಹಿಡಿದಿರುತ್ತದೆ. ಹೀಗಾಗಿ ಮೊದಲು ಮಾಂಸ, ಆಮೇಲೆ ಮೆಣಸಿನ ಪುಡಿ, ಕೊನೆಗೆ ಗೊಚುಜಾಂಗ್ ಎಂಬ ಕ್ರಮವನ್ನೇ ನಾನು ಒತ್ತಿ ಹೇಳುತ್ತೇನೆ. ಉಳಿದ ಅಳತೆಗಳಲ್ಲಿ ಹೆಚ್ಚುಕಡಿಮೆಯಾದರೂ ತೊಂದರೆಯಿಲ್ಲ.

ಮಾಂಸ

ಮೂವರಿಗೆ 500 ಗ್ರಾಂ ಸಾಕು. ಕೊರಿಯಾದಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಮುಂಗಾಲಿನ ಮೇಲ್ಭಾಗ ಅಥವಾ ಕುತ್ತಿಗೆ ಮತ್ತು ಭುಜದ ನಡುವಿನ ಭಾಗ. ನೆಣವೂ ಮಾಂಸವೂ ಪದರಪದರವಾಗಿರುವ ಹೊಟ್ಟೆಯ ಭಾಗ ಅಲ್ಲಿ ದುಬಾರಿ. ಅದನ್ನು ಸುಟ್ಟು ತಿನ್ನುವವರೇ ಹೆಚ್ಚು. ಕೊಡಗಿನಲ್ಲೋ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಮಾಂಸದ ಅಂಗಡಿಯವರನ್ನು ಭುಜದ ಭಾಗ ಕೊಡಿ ಎಂದು ಕೇಳಿ, ನೆಣ ಪೂರ್ತಿ ತೆಗೆಯಬೇಡಿ ಎಂದೂ ಹೇಳಿ. ಪಂದಿ ಕರಿಗೆ ಕೊಯ್ಯುವಂಥ ದಪ್ಪ ತುಂಡು ಇಲ್ಲಿಗೆ ಆಗದು. ಮೂಳೆಯಿಲ್ಲದ ಇಡೀ ತುಂಡನ್ನು ತಂದು ಫ್ರೀಜರಿನಲ್ಲಿ ಮುಕ್ಕಾಲು ಗಂಟೆ ಇಟ್ಟರೆ ಅರ್ಧ ಗಟ್ಟಿಯಾಗುತ್ತದೆ. ಆಗ ಎಳೆಗಳಿಗೆ ಅಡ್ಡಲಾಗಿ 3 ಮಿಲಿಮೀಟರ್ ದಪ್ಪಕ್ಕೆ ಕೊಯ್ಯಬಹುದು. ಕೊಯ್ದ ಮೇಲೆ ಬಟ್ಟೆಯಿಂದಲೋ ಕಾಗದದಿಂದಲೋ ಒತ್ತಿ ತೇವ ತೆಗೆಯಿರಿ. ಈ ಕೆಲಸವನ್ನು ಯಾರೂ ಬಿಡಬಾರದು.

ಗೊಚುಜಾಂಗ್ ಮತ್ತು ಮೆಣಸಿನ ಪುಡಿ

ಗೊಚುಜಾಂಗ್‌ಗೆ ಬದಲಿ ಇಲ್ಲ. ಮೆಣಸಿನ ಪುಡಿ, ಅಂಟಕ್ಕಿ, ಹುದುಗಿಸಿದ ಸೋಯಾ ಅವರೆಯ ಪುಡಿ, ಮೊಳಕೆ ಬಾರ್ಲಿ, ಉಪ್ಪು ಸೇರಿಸಿ ಮಣ್ಣಿನ ಜಾಡಿಗಳಲ್ಲಿ ತಿಂಗಳುಗಟ್ಟಲೆ ಹದಗೊಳಿಸುವ ಪೇಸ್ಟ್ ಇದು. ಜಿಯೊನ್‌ಬುಕ್ (ಹಿಂದಿನ ಉತ್ತರ ಜಿಯೊಲ್ಲಾ) ಪ್ರಾಂತ್ಯದ ಸುನ್‌ಚಾಂಗ್ ಊರು ಇದಕ್ಕೇ ಹೆಸರುವಾಸಿ. ಇದರಲ್ಲಿರುವ ಸಿಹಿ, ಉಪ್ಪು ಮತ್ತು ಹುದುಗಿನ ಗಾಢ ರುಚಿ ಟೊಮೆಟೊ ಸಾಸಿಗೆ ಖಾರದ ಪುಡಿ ಬೆರೆಸಿದರೆ ಬರುವುದಿಲ್ಲ. ಈಗ ದೊಡ್ಡ ಊರುಗಳ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಕೆಂಪು ಡಬ್ಬಿಗಳಲ್ಲಿ ಸಿಗುತ್ತದೆ. ಅದರ ಮೇಲೆ ಖಾರದ ಹಂತ ನಮೂದಿಸಿದ್ದರೆ ಮಧ್ಯಮದ್ದನ್ನು ತೆಗೆದುಕೊಳ್ಳಿ.

ಮೆಣಸಿನ ಪುಡಿಯ ಮಾತು ಬೇರೆ. ಕೊರಿಯನ್ನರ ಗೊಚುಗಾರು ಬೀಜ ತೆಗೆದು ತರಿತರಿಯಾಗಿ ಪುಡಿ ಮಾಡಿದ್ದು. ಬಣ್ಣ ಗಾಢ, ಖಾರ ಮಿತ. ಈ ಗುಣಗಳೆಲ್ಲ ನಮ್ಮ ಬ್ಯಾಡಗಿ ಮೆಣಸಿನಕಾಯಿಯಲ್ಲಿವೆ. ಎಂಟು ಹತ್ತು ಬ್ಯಾಡಗಿ ಕಾಯಿಗಳ ತೊಟ್ಟು, ಬೀಜ ತೆಗೆದು, ಬಿಸಿ ಬಾಣಲೆಯಲ್ಲಿ ಗರಿಗರಿಯಾಗುವಷ್ಟೇ ಹೊತ್ತು ಆಡಿಸಿ, ಮಿಕ್ಸಿಯನ್ನು ಎರಡು ಬಾರಿ ತಿರುಗಿಸಿ ನಿಲ್ಲಿಸಿದರೆ ತರಿಯಾದ ಪುಡಿ ಸಿದ್ಧ. ಗುಂಟೂರಿನ ಕಾಯಿ ಹಾಕಿದರೆ ಖಾರ ಮುಂದಾಗಿ ಮಾಂಸದ ರುಚಿ ಹಿಂದೆ ಬೀಳುತ್ತದೆ.

ಸೋಯಾ ಸಾಸ್ ತೆಳುವಾಗಿರಲಿ. ಗೋಬಿ ಮಂಚೂರಿಗೆ ಹಾಕುವ ಕಪ್ಪು ಸಾಸು ಇಡೀ ಅಡುಗೆಯನ್ನು ಕಪ್ಪಾಗಿಸುತ್ತದೆ. ಎಳ್ಳೆಣ್ಣೆ ಹುರಿದ ಎಳ್ಳಿನದಾಗಬೇಕು. ಗಾಣದ ಎಳ್ಳೆಣ್ಣೆಗೆ ಆ ಘಮ ಇರುವುದಿಲ್ಲ. ಅದು ಸಿಗದಿದ್ದರೆ ಕೊನೆಯಲ್ಲಿ ಹುರಿದ ಎಳ್ಳನ್ನು ಕುಟ್ಟಿ ಉದುರಿಸಿ.

ಅನ್ನ

ಕೊರಿಯನ್ನರ ಅಕ್ಕಿ ಗಿಡ್ಡ, ಅನ್ನ ಸ್ವಲ್ಪ ಅಂಟು. ನಾಲ್ಕು ಸಲ ತೊಳೆದು, ಅರ್ಧ ಗಂಟೆ ನೆನೆಸಿ, ನೀರು ಬಸಿದು, ಒಂದು ಲೋಟ ಅಕ್ಕಿಗೆ ಒಂದು ಲೋಟಕ್ಕಿಂತ ತುಸು ಹೆಚ್ಚು ನೀರಿಟ್ಟು ಬೇಯಿಸುತ್ತಾರೆ. ಸೋನಾ ಮಸೂರಿಯಲ್ಲಿ ಮಾಡಿದರೂ ಚೆನ್ನಾಗಿರುತ್ತದೆ, ಎಂದಿಗಿಂತ ಒಂದಿಷ್ಟು ಮೆತ್ತಗೆ ಮಾಡಿ. ಬಾಸ್ಮತಿ ಬೇಡ, ಉದುರು ಅನ್ನದಲ್ಲಿ ರಸ ತಳಕ್ಕೆ ಇಳಿದುಬಿಡುತ್ತದೆ. ಎರಡನೆಯ ಸಲ ತೊಳೆದ ಅಕ್ಕಚ್ಚನ್ನು ಚೆಲ್ಲದೆ ಅರ್ಧ ಲೋಟ ತೆಗೆದಿಡಿ. ಅಕ್ಕಿ ತೊಳೆದ ನೀರನ್ನು ಸಾರುಗಳಿಗೆ ಬಳಸುವುದು ಕೊರಿಯಾದ ಮನೆಗಳಲ್ಲೂ ಇದೆ. ಇಲ್ಲಿ ಅದರಿಂದ ರಸಕ್ಕೆ ತುಸು ಗಟ್ಟಿತನ ಬರುತ್ತದೆ.

ಹುರಿಯುವುದು

ಒಲೆ ಹಚ್ಚುವ ಮುನ್ನ ಎಲ್ಲವೂ ಕೈಗೆ ಸಿಗುವಂತಿರಲಿ: ಒಂದು ಈರುಳ್ಳಿ ದಪ್ಪ ಸೀಳುಗಳಾಗಿ, ಅರ್ಧ ಕ್ಯಾರೆಟ್ ತೆಳುವಾಗಿ, ನಾಲ್ಕು ಎಸಳು ಈರುಳ್ಳಿ ಸೊಪ್ಪು ಬಿಳಿ, ಹಸಿರು ಬೇರೆಬೇರೆಯಾಗಿ, ಜಜ್ಜಿದ ಬೆಳ್ಳುಳ್ಳಿ ಒಂದು ದೊಡ್ಡ ಚಮಚ, ತುರಿದ ಶುಂಠಿ ಒಂದು ಚಿಕ್ಕ ಚಮಚ. ಎರಡು ದೊಡ್ಡ ಚಮಚ ಗೊಚುಜಾಂಗನ್ನು ನಾಲ್ಕು ಚಮಚ ಅಕ್ಕಚ್ಚಿನಲ್ಲಿ ಕದಡಿ ಪಕ್ಕಕ್ಕಿಡಿ.

ಕಬ್ಬಿಣದ ಬಾಣಲೆಯನ್ನು ದೊಡ್ಡ ಉರಿಯಲ್ಲಿ ಹೊಗೆ ಕಾಣುವವರೆಗೆ ಕಾಯಿಸಿ, ಒಂದು ಚಮಚ ಎಣ್ಣೆ ಹಾಕಿ. ಮಾಂಸದ ಅರ್ಧ ಭಾಗವನ್ನು ಮಾತ್ರ ಒಂದೇ ಪದರವಾಗಿ ಹರಡಿ. ಎರಡು ನಿಮಿಷ ಸೌಟು ಆಡಿಸಬೇಡಿ. ತಳ ಕಂದು ಹಿಡಿದ ಮೇಲೆ ಮಗುಚಿ, ಅರ್ಧ ದೊಡ್ಡ ಚಮಚ ಸಕ್ಕರೆ ಉದುರಿಸಿ. ಸಕ್ಕರೆ ಕರಗಿ ನೆಣದೊಂದಿಗೆ ಹೊಳಪಾಗಿ ಅಂಟುತ್ತದೆ, ಅಂಚುಗಳು ತುಸು ಗರಿಯಾಗುತ್ತವೆ. ಅದನ್ನು ತೆಗೆದು ಉಳಿದರ್ಧವನ್ನೂ ಹಾಗೆಯೇ ಹುರಿಯಿರಿ. ಇಷ್ಟಾಗುವಾಗ ಎಲ್ಲಿಯೂ ಗುಲಾಬಿ ಬಣ್ಣ ಉಳಿದಿರಬಾರದು. ಹಂದಿ ಮಾಂಸವನ್ನು ಅರೆಬೆಂದಂತೆ ತಿನ್ನುವುದು ಸಲ್ಲದು, ಲಾಡಿಹುಳುವಿನ ಅಪಾಯವಿದೆ. ಹಸಿ ಮಾಂಸ ಕೊಯ್ದ ಹಲಗೆ, ಚಾಕುಗಳನ್ನು ತರಕಾರಿ ಮುಟ್ಟುವ ಮುನ್ನ ಸೋಪಿನಲ್ಲಿ ತೊಳೆಯಿರಿ.

ಮಾಂಸವನ್ನೆಲ್ಲ ಬಾಣಲೆಗೆ ಮರಳಿಸಿ, ಉರಿ ಮಧ್ಯಮಕ್ಕಿಳಿಸಿ, ಈರುಳ್ಳಿ ಸೊಪ್ಪಿನ ಬಿಳಿ ಭಾಗ, ಬೆಳ್ಳುಳ್ಳಿ, ಶುಂಠಿ ಹಾಕಿ. ಅವು ಘಮ್ಮೆಂದಾಗ ಎರಡು ದೊಡ್ಡ ಚಮಚ ಬ್ಯಾಡಗಿ ತರಿ ಸೇರಿಸಿ ಅರ್ಧ ನಿಮಿಷ ಕೈಯಾಡಿಸಿ. ಕರಗಿದ ನೆಣಕ್ಕೆ ಬಣ್ಣ ಇಳಿದು ಇಡೀ ಬಾಣಲೆ ಕೆಂಪಾಗುತ್ತದೆ. ಮೆಣಸಿನ ಬಣ್ಣ ಬಿಡುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಮೊದಲೇ ಕಲಸಿಟ್ಟ ಮಸಾಲೆಯಲ್ಲಿ ಈ ಕೆಂಪು ಬಾರದಿರಲು ಇದೂ ಕಾರಣ.

ಈಗ ಮಾಂಸವನ್ನು ಒಂದು ಬದಿಗೆ ಸರಿಸಿ, ಖಾಲಿಯಾದ ಬಿಸಿ ಅಂಚಿಗೆ ಎರಡು ದೊಡ್ಡ ಚಮಚ ಸೋಯಾ ಸಾಸ್ ಸುರಿಯಿರಿ. ಅದು ಚುರ್ರೆಂದು ಕುದಿದು ಸುಟ್ಟ ಪರಿಮಳ ಬಿಡುತ್ತದೆ. ಕೊರಿಯನ್ನರು ‘ಬುಲ್‌ಮಾತ್’ ಎಂದು ಹೊಗಳುವ ಉರಿಯ ರುಚಿಗೆ ಮನೆಯಲ್ಲಿ ಇದೇ ಹತ್ತಿರದ ದಾರಿ. ಕೂಡಲೇ ಈರುಳ್ಳಿ, ಕ್ಯಾರೆಟ್ ಹಾಕಿ ದೊಡ್ಡ ಉರಿಯಲ್ಲಿ ಎರಡು ನಿಮಿಷ ಹುರಿದು, ಕದಡಿದ ಗೊಚುಜಾಂಗ್ ಸೇರಿಸಿ. ಒಂದೆರಡು ನಿಮಿಷದಲ್ಲಿ ಅದು ಮಾಂಸಕ್ಕೆ ಹತ್ತಿಕೊಳ್ಳುತ್ತದೆ. ರೊಟ್ಟಿಯ ಜೊತೆಗಾದರೆ ಇಲ್ಲಿಗೇ ನಿಲ್ಲಿಸಬಹುದು. ಅನ್ನಕ್ಕಾದರೆ ಇನ್ನೂ ಎರಡು ಮೂರು ಚಮಚ ಅಕ್ಕಚ್ಚು ಬೇಕು, ಅನ್ನಕ್ಕೆ ಹಿಡಿಯುವಷ್ಟು ರಸ ಇರಲೇಬೇಕು. ಒಲೆ ಆರಿಸಿ ಎಳ್ಳೆಣ್ಣೆ ಒಂದು ಚಿಕ್ಕ ಚಮಚ, ಸೊಪ್ಪಿನ ಹಸಿರು, ಕಾಳುಮೆಣಸಿನ ಪುಡಿ. ಬೇರೆ ಉಪ್ಪು ಬೇಡ.

ಮೊದಲೇ ಮಸಾಲೆ ಕಲಸಿಡುವ ಪದ್ಧತಿಗೂ ಒಂದು ನ್ಯಾಯವಿದೆ. ಹಿಂಗಾಲಿನ ಗಟ್ಟಿ ಮಾಂಸ ಸಿಕ್ಕಿದಾಗ ತುರಿದ ಪೇರ್ ಹಣ್ಣಿನ ಜೊತೆ ಅರ್ಧ ಗಂಟೆ ನೆನೆಸಿದರೆ ಮೆದುವಾಗುತ್ತದೆ. ಆಗಲೂ ರಸ ಹಿಂಡಿ ತೆಗೆದು ಮಾಂಸವನ್ನಷ್ಟೇ ಮೊದಲು ಹುರಿಯಿರಿ, ರಸವನ್ನು ಕೊನೆಗೆ ಸೇರಿಸಿ ಚೆನ್ನಾಗಿ ಕುದಿಸಿ.

ಅಗಲ ಬಟ್ಟಲಿನಲ್ಲಿ ಅನ್ನ ಹರಡಿ, ಅರ್ಧ ಭಾಗದ ಮೇಲೆ ಮಾಂಸ, ಮೇಲೊಂದು ಅಂಚು ಗರಿಯಾದ ಮೊಟ್ಟೆ. ಪಕ್ಕದಲ್ಲಿ ಕಿಮ್ಚಿ (ಖಾರ ಹಾಕಿ ಹುದುಗಿಸಿದ ಕೋಸು) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ವಿನಿಗರಿನಲ್ಲಿ ನೆನೆದ ಮೂಲಂಗಿ. ಅಲ್ಲಿ ಇದನ್ನು ಉದ್ದ ಹಿಡಿಯ ಚಮಚದಲ್ಲಿ ತಿನ್ನುತ್ತಾರೆ, ಬಟ್ಟಲನ್ನು ಕೈಗೆತ್ತಿಕೊಳ್ಳುವುದಿಲ್ಲ. ಬಾಣಲೆಯಲ್ಲಿ ನಾಲ್ಕು ಚೂರು ಮಾಂಸ, ಕೆಂಪು ನೆಣ ಉಳಿದಿದ್ದರೆ ತೊಳೆಯಲು ಅವಸರಪಡಬೇಡಿ. ಒಂದು ಬಟ್ಟಲು ತಣ್ಣನೆಯ ಅನ್ನವನ್ನು ಅದರಲ್ಲೇ ಒತ್ತಿ ಹರಡಿ, ತಳ ಗರಿಯಾಗುವವರೆಗೆ ಹುರಿದು, ಒಣ ಕಡಲಪಾಚಿಯ ಹಾಳೆಯನ್ನು ಚೂರು ಮಾಡಿ ಉದುರಿಸಿ.