ಮೊದಲು ಊಹೆಯ ಗೆರೆ, ಆಮೇಲೆ ಅಂಕಿಅಂಶ: ಸಮಾಜಶಾಸ್ತ್ರದ ತರಗತಿಗೆ ಚಾರ್ಟ್ ತರುವ ಬಗೆ

ಸಮಾಜಶಾಸ್ತ್ರದ ಪಾಠದಲ್ಲಿ ಚಾರ್ಟ್ ಬರುವುದು ಹೆಚ್ಚಾಗಿ ಕೊನೆಯಲ್ಲಿ. ಅಸಮಾನತೆ ಎಂದರೇನು ಎಂದು ಮುಕ್ಕಾಲು ಗಂಟೆ ವಿವರಿಸುತ್ತೇವೆ, ನಂತರ ಪುರಾವೆಯೆಂದು ಒಂದು ಸ್ತಂಭನಕ್ಷೆ ತೋರಿಸುತ್ತೇವೆ. ವಿದ್ಯಾರ್ಥಿಗಳು ಅದನ್ನು ನಕಲು ಮಾಡಿಕೊಂಡು ಪುಸ್ತಕ ಮುಚ್ಚುತ್ತಾರೆ. ಈ ಕ್ರಮವನ್ನು ತಲೆಕೆಳಗು ಮಾಡಿ ನೋಡಿ. ಚಾರ್ಟ್ ಪಾಠದ ಮೊದಲಿಗೇ ಬರಲಿ, ಅದೂ ಖಾಲಿಯಾಗಿ ಬರಲಿ.

ಖಾಲಿ ಹಾಳೆಯಿಂದ ಶುರು

ಒಂದು ತರಗತಿಗೆ ಒಂದೇ ಚಾರ್ಟ್ ಸಾಕು. ನಾನು ಮೊದಲಿಗೆ ಆರಿಸಿಕೊಳ್ಳುವುದು 1900ರ ಪ್ಯಾರಿಸ್ ಜಾಗತಿಕ ಪ್ರದರ್ಶನಕ್ಕಾಗಿ ಸಮಾಜಶಾಸ್ತ್ರಜ್ಞ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಸಿದ್ಧಪಡಿಸಿದ ಒಂದು ಚಿತ್ರವನ್ನು. ಕಪ್ಪು ಅಮೆರಿಕನ್ನರ ಬದುಕನ್ನು ಲೋಕಕ್ಕೆ ತೋರಿಸಲು ಅವರೂ ಅಟ್ಲಾಂಟಾ ವಿಶ್ವವಿದ್ಯಾಲಯದ ಅವರ ವಿದ್ಯಾರ್ಥಿಗಳೂ ಸುಮಾರು 60 ಚಾರ್ಟ್‌ಗಳನ್ನು ಕೈಯಲ್ಲೇ ಬರೆದು ಬಣ್ಣ ತುಂಬಿದರು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಡಿಜಿಟಲ್ ಸಂಗ್ರಹದಲ್ಲಿ ಅವು ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಒಂದು, 1790ರಿಂದ 1870ರವರೆಗೆ ಕಪ್ಪು ಜನರಲ್ಲಿ ಗುಲಾಮರೆಷ್ಟು, ಸ್ವತಂತ್ರರೆಷ್ಟು ಎಂಬುದನ್ನು ಕಪ್ಪು ಮತ್ತು ಹಸಿರಿನಲ್ಲಿ ತೋರಿಸುತ್ತದೆ.

ಅದನ್ನು ತಕ್ಷಣ ತೋರಿಸಬೇಡಿ. ಎಲ್ಲರಿಗೂ ಗ್ರಾಫ್ ಹಾಳೆ ಕೊಟ್ಟು, ಅಡ್ಡಕ್ಕೆ ಹತ್ತು ಹತ್ತು ವರ್ಷ, ಉದ್ದಕ್ಕೆ ಸೊನ್ನೆಯಿಂದ ನೂರು ಗುರುತಿಸಲು ಹೇಳಿ. 1790ರಲ್ಲಿ ಸ್ವತಂತ್ರರು ಶೇ 8 ಎಂಬ ಒಂದೇ ಸಂಖ್ಯೆ ಕೊಡಿ. ಉಳಿದ ಗೆರೆಯನ್ನು ಅವರೇ ಪೆನ್ಸಿಲ್‌ನಲ್ಲಿ ಊಹಿಸಿ ಎಳೆಯಲಿ. ಕಾಲ ಸರಿದಂತೆ ಸ್ವಾತಂತ್ರ್ಯವೂ ಮೆಲ್ಲಗೆ ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮೆಲ್ಲರಲ್ಲೂ ಇದೆ. ಆ ನಂಬಿಕೆ ಈಗ ಗೆರೆಯಾಗಿ ಹಾಳೆಯ ಮೇಲೆ ಇಳಿಯುತ್ತದೆ.

ಈಗ ನಿಜವಾದ ಅಂಕಿಗಳನ್ನು ಕೊಡಿ: 1830ರಲ್ಲಿ ಶೇ 14, 1860ರಲ್ಲಿ ಶೇ 11, 1870ರಲ್ಲಿ ಶೇ 100. ಮೂವತ್ತು ವರ್ಷ ಗೆರೆ ಏರಲೇ ಇಲ್ಲ, ಇಳಿಯಿತು. ಆಮೇಲೆ ಗೋಡೆಯಂತೆ ನೆಟ್ಟಗೆ ಎದ್ದಿತು. ಏಕೆ ಇಳಿಯಿತು? ಗುಲಾಮರನ್ನು ಬಿಡುಗಡೆ ಮಾಡಲು ಒಡೆಯನೇ ಬಯಸಿದರೂ ದಕ್ಷಿಣದ ಅನೇಕ ರಾಜ್ಯಗಳ ಕಾನೂನು ಅಡ್ಡ ಬರುತ್ತಿತ್ತು. ಏಕೆ ಹಾಗೆ ಎದ್ದಿತು? ಅಮೆರಿಕದ ಅಂತರ್ಯುದ್ಧ ಮತ್ತು ಗುಲಾಮಗಿರಿಯನ್ನು ರದ್ದು ಮಾಡಿದ 1865ರ 13ನೇ ಸಂವಿಧಾನ ತಿದ್ದುಪಡಿಯಿಂದ. ವ್ಯಕ್ತಿಯ ಒಳ್ಳೆಯತನಕ್ಕೂ ಸಮಾಜದ ರಚನೆಗೂ ಇರುವ ವ್ಯತ್ಯಾಸವನ್ನು ಇಷ್ಟು ನೇರವಾಗಿ ಕಾಣಿಸುವ ಪಠ್ಯ ನನಗೆ ಬೇರೆ ಸಿಕ್ಕಿಲ್ಲ. ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿ: 1870ರ ಆ ಶೇ 100ರಲ್ಲಿ ಭೂಮಿ ಎಷ್ಟು ಜನಕ್ಕಿತ್ತು, ನ್ಯಾಯವಾದ ಕೂಲಿ ಎಷ್ಟು ಜನಕ್ಕೆ ಸಿಗುತ್ತಿತ್ತು? ಆ ಹಸಿರು ಬಣ್ಣ ಇದಕ್ಕೆ ಉತ್ತರ ಕೊಡುವುದಿಲ್ಲ.

ಎಣಿಸುವ ಕೆಲಸ ಅವರದೇ ಆಗಲಿ

ಎರಡನೇ ದಿನದ ತರಗತಿಗೆ ವಿದ್ಯಾರ್ಥಿಗಳ ದಿನಚರಿಯೇ ದತ್ತಾಂಶ. 24 ಚೌಕಗಳಿರುವ ಕಾಗದದ ಪಟ್ಟಿಯೊಂದನ್ನು ಪ್ರತಿಯೊಬ್ಬರಿಗೂ ಕೊಡಿ. ನಿನ್ನೆಯ ಒಂದೊಂದು ಗಂಟೆಗೂ ಒಂದೊಂದು ಚೌಕ. ನಿದ್ದೆ, ಓದು, ಮನೆಗೆಲಸ, ಬಿಡುವು ಎಂದು ನಾಲ್ಕು ಬಣ್ಣ. ಪಟ್ಟಿಯ ಮೇಲೆ ಹೆಸರು ಬೇಡ.

ಐದು ನಿಮಿಷದಲ್ಲೇ ತಕರಾರು ಏಳುತ್ತದೆ, ಅದಕ್ಕಾಗಿ ಕಾಯುತ್ತಿರಿ. ತಮ್ಮನನ್ನು ನೋಡಿಕೊಳ್ಳುತ್ತಾ ಟಿ.ವಿ. ನೋಡಿದ ಗಂಟೆ ಯಾವ ಬಣ್ಣ? ಊಟಕ್ಕೆ ಬಣ್ಣವೇ ಇಲ್ಲವಲ್ಲ? ಇದನ್ನು ನೀವು ಇತ್ಯರ್ಥ ಮಾಡಬೇಡಿ. ಅವರೇ ಚರ್ಚಿಸಿ ನಿಯಮ ಮಾಡಲಿ, ಹಲಗೆಯ ಮೇಲೆ ಬರೆಯಲಿ. ಪಟ್ಟಿಗಳನ್ನೆಲ್ಲ ಗೋಡೆಗೆ ಅಂಟಿಸಿ ಮನೆಗೆಲಸದ ಚೌಕಗಳನ್ನು ಎಣಿಸಿ. ನಂತರ ನಿಯಮ ಬದಲಿಸಿ: ತಮ್ಮನ ಜೊತೆಗಿದ್ದ ಗಂಟೆ ಬಿಡುವಲ್ಲ, ಕೆಲಸ. ಮತ್ತೆ ಎಣಿಸಿ. ದುಡಿದವರ ದಿನ ಬದಲಾಗಲಿಲ್ಲ, ಮೊತ್ತ ಮಾತ್ರ ಬದಲಾಯಿತು. ಮನೆಯೊಳಗಿನ ದುಡಿಮೆ ಲೆಕ್ಕಕ್ಕೆ ಸಿಗದೆ ಹೋಗುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗುವುದಿಲ್ಲ.

ಹುಡುಗಿಯರು, ಹುಡುಗರು ಎಂದು ಪಟ್ಟಿಗಳನ್ನು ಬೇರ್ಪಡಿಸುವ ಆಸೆ ಸಹಜ. ಒಂದು ಗುಂಪಿನಲ್ಲಿ ಇಬ್ಬರು ಮೂವರೇ ಇದ್ದರೆ ಬೇಡ, ಯಾರ ಪಟ್ಟಿ ಯಾವುದು ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಮನೆಯ ಆದಾಯವನ್ನಂತೂ ತರಗತಿಯಲ್ಲಿ ಕೇಳಲೇಬಾರದು. ಒಂದು ಮಗುವಿಗೆ ಮುಜುಗರ ಮಾಡಿ ಕಲಿಸುವಷ್ಟು ದೊಡ್ಡ ಪಾಠ ಯಾವುದೂ ಇಲ್ಲ.

ಬಣ್ಣ ಹಚ್ಚಿದವರು ಯಾರು?

ಈ ಜಗಳದ ಬಿಸಿ ಆರುವ ಮೊದಲೇ ಲಂಡನ್ನಿನ ನಕ್ಷೆಯೊಂದನ್ನು ತೋರಿಸಿ. ಸಮಾಜ ಸಂಶೋಧಕ ಚಾರ್ಲ್ಸ್ ಬೂತ್ 1889ರಲ್ಲಿ ಪ್ರಕಟಿಸಿದ ಬಡತನದ ನಕ್ಷೆಯಲ್ಲಿ ಬೀದಿಬೀದಿಗೂ ಬಣ್ಣವಿದೆ: ಸಿರಿವಂತರಿಗೆ ಹಳದಿ, ತೀರಾ ಕೆಳಗಿನವರಿಗೆ ಕಪ್ಪು. ಕಪ್ಪು ಬಣ್ಣದ ವಿವರಣೆಯಲ್ಲಿ ಆ ಜನರನ್ನು ದುರ್ನಡತೆಯವರು, ಅರೆ ಅಪರಾಧಿಗಳು ಎಂದೇ ಕರೆಯಲಾಗಿದೆ. ಬಡತನವನ್ನು ಅಳೆಯಲು ಹೊರಟವರು ನಡತೆಯ ತೀರ್ಪನ್ನೂ ಅದೇ ಬಣ್ಣದಲ್ಲಿ ಬೆರೆಸಿಬಿಟ್ಟರು. ಬೂತ್ ಅವರ ಶ್ರಮ ದೊಡ್ಡದು, ಆದರೂ ಈ ತಪ್ಪನ್ನು ವಿದ್ಯಾರ್ಥಿಗಳು ತಾವೇ ಹಿಡಿಯಬೇಕು.

ನಕ್ಷೆ ಓದುವಾಗ ಇನ್ನೊಂದು ಎಡವಟ್ಟಿದೆ. ಪ್ರದೇಶದ ಬಗ್ಗೆ ನಿಜವಾದದ್ದು ಅಲ್ಲಿನ ವ್ಯಕ್ತಿಯ ಬಗ್ಗೆಯೂ ನಿಜವಾಗಬೇಕಿಲ್ಲ. ಸಮಾಜಶಾಸ್ತ್ರಜ್ಞ ಡಬ್ಲ್ಯೂ.ಎಸ್. ರಾಬಿನ್ಸನ್ 1950ರಲ್ಲಿ ಇದನ್ನು ಅಮೆರಿಕದ 1930ರ ಜನಗಣತಿಯಿಂದ ತೋರಿಸಿದರು. ಹೊರದೇಶದಲ್ಲಿ ಹುಟ್ಟಿದವರು ಹೆಚ್ಚಿದ್ದ ರಾಜ್ಯಗಳಲ್ಲಿ ಸಾಕ್ಷರತೆಯೂ ಹೆಚ್ಚಿತ್ತು. ಆದರೆ ಒಬ್ಬೊಬ್ಬರನ್ನೇ ನೋಡಿದರೆ ವಲಸಿಗರ ಸಾಕ್ಷರತೆ ತುಸು ಕಡಿಮೆಯೇ ಇತ್ತು. ಅವರು ಹೋಗಿ ನೆಲೆಸಿದ್ದು ಓದುಬರಹ ಮೊದಲೇ ಚೆನ್ನಾಗಿದ್ದ ರಾಜ್ಯಗಳಲ್ಲಿ, ಅಷ್ಟೆ.

ಚಿತ್ರದ ಆಯ್ಕೆ

ಇಲ್ಲಿ ಹೆಚ್ಚು ಹೊತ್ತು ಬೇಡ. ಹೋಲಿಸಬೇಕಿದ್ದರೆ ಪೈ ಚಾರ್ಟ್ ಬಿಟ್ಟು ಸ್ತಂಭನಕ್ಷೆ ಬಳಸಿ. ಕೋನಕ್ಕಿಂತ ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ಕಣ್ಣು ಹೆಚ್ಚು ಸರಿಯಾಗಿ ಅಂದಾಜಿಸುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ 1984ರಲ್ಲೇ ಪ್ರಯೋಗ ಮಾಡಿ ಹೇಳಿದ್ದಾರೆ. ಸ್ತಂಭಗಳು ಸೊನ್ನೆಯಿಂದಲೇ ಏಳಲಿ. ಸರಾಸರಿಯ ಒಂದೇ ಸ್ತಂಭದ ಬದಲು ಪ್ರತಿ ವ್ಯಕ್ತಿಗೂ ಒಂದು ಚುಕ್ಕಿ ಇಡಿ. ಒಂಬತ್ತು ಮಂದಿಗೆ ತಲಾ 10 ಎಕರೆ, ಒಬ್ಬರಿಗೆ 910 ಎಕರೆ ಇದ್ದರೆ ಸರಾಸರಿ 100 ಎಕರೆ. ಆ ಸ್ತಂಭದ ಹಿಂದೆ ಒಂಬತ್ತು ಜನ ಕಾಣೆಯಾಗುತ್ತಾರೆ. ಚುಕ್ಕಿಗಳಲ್ಲಿ ಹತ್ತೂ ಜನ ಕಾಣುತ್ತಾರೆ.

ಕಂಪ್ಯೂಟರ್ ಇದ್ದರೆ ಸ್ಪ್ರೆಡ್‌ಶೀಟ್ ಸಾಕು, ಆದರೆ ಮೊದಲ ಎರಡು ಚಾರ್ಟ್‌ಗಳನ್ನಾದರೂ ಕೈಯಲ್ಲೇ ಬರೆಸಿ. ಅಂಕ ಕೊಡುವಾಗ ಚಿತ್ರದ ಅಂದ ನೋಡಬೇಡಿ. ಚಾರ್ಟ್‌ನ ಕೆಳಗೆ ಮೂರು ವಾಕ್ಯ ಬರೆಯಲು ಹೇಳಿ: ಇದರಲ್ಲಿ ಏನು ಕಾಣುತ್ತದೆ, ಯಾರು ಕಾಣುತ್ತಿಲ್ಲ, ನನ್ನ ಊಹೆ ಎಲ್ಲಿ ತಪ್ಪಿತು. ಮೊದಲ ದಿನದ ಪೆನ್ಸಿಲ್ ಗೆರೆಯ ಹಾಳೆಗಳನ್ನು ಜೋಪಾನವಾಗಿಟ್ಟು, ಮೂರನೇ ವಾಕ್ಯ ಬರೆಯುವ ಹೊತ್ತಿಗೆ ಅವರ ಕೈಗೆ ಹಿಂದಿರುಗಿಸಿ.