ಸಿಗಡಿ ಕೆರೆಗೆ ಹೆಂಚು ಹಾಕಿದ ಕತೆ

ಬ್ರಹ್ಮಾವರದ ಹತ್ತಿರ ನಮ್ಮ ತೋಟದ ಕೆಳಗೆ ಹತ್ತು ಸೆಂಟ್ಸಿನ ಒಂದು ಕೆರೆ ಇದೆ. ಮೊದಲ ವರ್ಷ ಅದಕ್ಕೆ 2,000 ಸಿಹಿನೀರಿನ ಸಿಗಡಿ ಮರಿ ಬಿಟ್ಟೆ. ಆರು ತಿಂಗಳ ಮೇಲೆ ನೀರು ಖಾಲಿ ಮಾಡಿ ಎಣಿಸಿದರೆ ಸಿಕ್ಕಿದ್ದು 640. ಕೊಕ್ಕರೆ ತಿಂದಿತು, ನೀರುನಾಯಿ ತಿಂದಿತು ಅಂತ ಊರವರು ಒಬ್ಬೊಬ್ಬರು ಒಂದೊಂದು ಹೇಳಿದರು. ಕಳ್ಳರು ಕೆರೆಯ ಒಳಗೇ ಇದ್ದರು.

ಸಿಗಡಿ ಬೆಳೆಯಬೇಕಾದರೆ ಮೈಮೇಲಿನ ಚಿಪ್ಪು ಕಳಚಬೇಕು. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದರ ಮೈ ಹಲಸಿನ ತೊಳೆಯ ಹಾಗೆ ಮೆತ್ತಗೆ. ಪಕ್ಕದಲ್ಲಿದ್ದವನಿಗೆ ಅದೇ ಊಟ. ಎಷ್ಟು ತಿಂಡಿ ಹಾಕಿದರೂ ಈ ಬುದ್ಧಿ ಪೂರ್ತಿ ಹೋಗುವುದಿಲ್ಲ. ನಮ್ಮ ಕೆರೆಯ ತಳವೋ, ಗುಡಿಸಿದ ಅಂಗಳದ ಹಾಗೆ ಬೋಳು. ಅಡಗುವುದು ಎಲ್ಲಿ?

ಎರಡನೇ ವರ್ಷ ಮತ್ತೆ ಅಷ್ಟೇ ಮರಿ ಬಿಟ್ಟು, ತೆಂಗಿನ ಮಡಲು ಮುಳುಗಿಸಿದೆ. ಖರ್ಚಿಲ್ಲ, ಅಲ್ವಾ? ಹಸಿ ಮಡಲು ಹಾಕಿದ್ದೇ ತಪ್ಪಾಯಿತು. ಗರಿ ಕೊಳೆತು ನೀರು ಕಪ್ಪಾಯಿತು. ಒಂದು ಮೋಡದ ದಿನ ಬೆಳಗಿನ ಜಾವ ಟಾರ್ಚ್ ಹಾಕಿ ನೋಡಿದರೆ, ಸಿಗಡಿಗಳೆಲ್ಲ ದಂಡೆಗೆ ಬಂದು ಕೂತಿವೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಹಾಗೆ ಮಾಡುತ್ತವೆ. ಪಂಪ್ ಹಾಕಿ ನೀರು ಚಿಮ್ಮಿಸಿ, ಲುಂಗಿ ಎತ್ತಿಕಟ್ಟಿ ಇಳಿದು ಮಡಲೆಲ್ಲ ಎಳೆದು ಹಾಕಿದೆ.

ಹಳೆ ಮನೆ ಬಿಚ್ಚಿದಾಗ ಉಳಿದ ಮಂಗಳೂರು ಹೆಂಚು ಹಟ್ಟಿಯ ಹಿಂದೆ ರಾಶಿ ಬಿದ್ದಿತ್ತು. ಎರಡೆರಡನ್ನು ಒಂದಕ್ಕೊಂದು ಒರಗಿಸಿ ಗುಡಿಸಲಿನ ಹಾಗೆ ತಳದಲ್ಲಿ ನಿಲ್ಲಿಸಿದೆ. ಎರಡೂ ಕಡೆ ಬಾಯಿ ತೆರೆದಿರಬೇಕು. ಒಂದೇ ಬಾಯಿಯಾದರೆ, ದೊಡ್ಡವ ಅಡ್ಡ ನಿಂತಾಗ ಒಳಗಿದ್ದವ ಮುಗಿದ. ಮರಿಗಳಿಗೆ ಮಾತ್ರ ಈ ಸಂದು ತೀರಾ ದೊಡ್ಡದು. ಮಲ್ಪೆಯಿಂದ ಹರಿದ ಬಲೆ ತಂದು ಪರದೆಯ ಹಾಗೆ ಇಳಿಬಿಟ್ಟೆ. ಆಸ್ಟ್ರೇಲಿಯಾದಲ್ಲಿ ಸಿಹಿನೀರಿನ ಕ್ರೇಫಿಶ್ (ಸಿಗಡಿಯ ನೆಂಟ) ಸಾಕುವವರೂ ಬಲೆಯ ಕಟ್ಟುಗಳನ್ನು ಕೊಳಕ್ಕೆ ಇಳಿಸುತ್ತಾರೆ. ಜಾತಿ ಬೇರೆಯಾದರೂ ಜಗಳ ಅದೇ.

ಆ ಸಲ 1,150 ಸಿಕ್ಕಿತು. ಕೆರೆಯ ಮೇಲೆ ದಾರ ಎಳೆದು ಕೊಕ್ಕರೆ ತಡೆದದ್ದೂ ಅದರಲ್ಲಿ ಸೇರಿದೆ ಅನ್ನಿ.

ಆದರೆ ತೂಕ? ಅರ್ಧಕ್ಕರ್ಧ ಸಣ್ಣವೇ. ಇಕ್ಕಳದಂಥ ನೀಲಿ ಕಾಲಿನ ದೊಡ್ಡ ಗಂಡು ಇರುವಷ್ಟು ದಿನ ಉಳಿದ ಗಂಡುಗಳು ಸುಲಭದಲ್ಲಿ ದೊಡ್ಡದಾಗುವುದಿಲ್ಲ. ಹೆಂಚಿನಿಂದ ಅದು ಸರಿಯಾಗುವುದಿಲ್ಲ, ನಾಲ್ಕನೇ ತಿಂಗಳಿಂದ ದೊಡ್ಡವನ್ನು ಹಿಡಿದು ಮಾರುತ್ತಾ ಬರಬೇಕು. ಬಲೆ ಎಳೆಯಲು ಹೋದರೆ ಅದೇ ಹೆಂಚು ಸಿಕ್ಕಿಹಾಕಿಕೊಳ್ಳುತ್ತದೆ! ಎರಡು ಬಲೆ ಹರಿದ ಮೇಲೆ ಹೆಂಚನ್ನೆಲ್ಲ ಪಡುಬದಿಗೆ ಸರಿಸಿದೆ. ಮೂಡುಬದಿ ಖಾಲಿ. ಸಂಜೆ ತಿಂಡಿ ಹಾಕುವುದು ಅಲ್ಲೇ, ಬಲೆ ಎಳೆಯುವುದೂ ಅಲ್ಲೇ.